ಏಳನೇ ಮೆಟ್ಟಿಲಿನ ಗೋಡೆ

ಪೈಪಿನ ಒಂದು ತುದಿ ಕಾತ್ಯಾಯಿನಿಯ ಕೈಯಲ್ಲಿತ್ತು. ಇನ್ನೊಂದು ತುದಿ ಹೊರಗೆ, ಗೇಟಿನ ಪಕ್ಕ, ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆದು ಕೂತಿದ್ದ ಪ್ಲಂಬರ್ ನೀಲಕಂಠಪ್ಪನ ಕೈಯಲ್ಲಿತ್ತು. ನಡುವೆ ಹಾವಿನಂತೆ ಬಿದ್ದಿದ್ದ ನಲವತ್ತು ಅಡಿ ಪಾರದರ್ಶಕ ಪೈಪಿನ ತುಂಬ ನೀರು. ಒಳಗಿನ ತುದಿಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೋ ಹೊರಗಿನ ತುದಿಯಲ್ಲೂ ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ನೆಲಮಾಳಿಗೆಯ ನೆಲ ಎಷ್ಟು ತಗ್ಗಿನಲ್ಲಿದೆ ಎಂದು ತಿಳಿಯಲು ಅವನಿಗೆ ಇದಕ್ಕಿಂತ ದೊಡ್ಡ ಯಂತ್ರ ಬೇಕಿರಲಿಲ್ಲ.

"ಅಲ್ಲಾಡಸಬ್ಯಾಡ್ರಿ ಅಕ್ಕಾರ! ನೀರು ನಿಂತಾವೇನ್ರಿ?" ಹೊರಗಿನಿಂದ ಕೂಗು ಬಂತು.

"ನಿಂತಿದೆ."

"ಎಲ್ಲಿಗೆ ನಿಂತಾವು?"

ಕಾತ್ಯಾಯಿನಿ ತನ್ನನ್ನೇ ಒಮ್ಮೆ ನೋಡಿಕೊಂಡಳು. "ಸೊಂಟಕ್ಕಿಂತ ಒಂದು ಗೇಣು ಮೇಲೆ."

"ನಿಮ್ಮ ಸೊಂಟಾ ಗ್ವಾಡಿಗೆ ಹೆಂಗ್ ಗೊತ್ತಾಗಬೇಕ್ರೀ? ಪೆನ್ಸಿಲ್ಲೆ ಗೆರಿ ಹೊಡೀರಿ!"

ಅವಳಿಗೆ ನಗು ಬಂತು. ಗೋಡೆಯ ಮೇಲೆ ಗೆರೆ ಎಳೆದಳು. ಮನೆಯೊಳಗೆ ಒಬ್ಬರು ಹೀಗೆ ಗಟ್ಟಿಯಾಗಿ ತನ್ನನ್ನು ಗದರಿ ಎಷ್ಟು ದಿನವಾಗಿತ್ತು ಎಂದು ಆ ಹೊತ್ತಿನಲ್ಲಿ ಅವಳಿಗೆ ಅನ್ನಿಸಿತು.

ಅರೆಕೆರೆಯ ಈ ಮನೆಗೆ ಅವರು ಬಂದು ಹನ್ನೊಂದು ವರ್ಷ. ಯಡಿಯೂರಿನ ಹಳೆಯ ಮನೆ ಮಾರಿದ ಮೇಲೆ ತಮ್ಮ ಶ್ರೀಕರ್ ಇದನ್ನು ಕೊಂಡ. ಹಿಂದಿನ ಮಾಲೀಕ ಊದುಬತ್ತಿ ವ್ಯಾಪಾರಿ. ಕೆರೆಯ ಕಡೆಗೆ ಇಳಿದ ಸೈಟಾದ್ದರಿಂದ, ಇಳಿದಷ್ಟಕ್ಕೆ ಒಂದು ನೆಲಮಾಳಿಗೆ ಕಟ್ಟಿ ಸರಕು ತುಂಬಿಡುತ್ತಿದ್ದನಂತೆ. ಮಳೆ ಹಿಡಿದರೆ ಗೋಡೆಗಳಿಂದ ಈಗಲೂ ಸಣ್ಣಗೆ ಗಂಧದ ವಾಸನೆ ಏಳುತ್ತದೆ. ಮದುವೆಯಾಗದೆ ಉಳಿದ, ಜಯನಗರದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನ್ ನೋಡಿಕೊಳ್ಳುವ ಅಕ್ಕನಿಗೆ ಅದು ಚೆನ್ನಾದ ಜಾಗ ಎಂದು ಎಲ್ಲರಿಗೂ ಅನ್ನಿಸಿತ್ತು, ಅವಳಿಗೂ. ಒಂದು ಮಂಚ, ಒಂದು ಗ್ಯಾಸ್ ಒಲೆ, ಸ್ಕೂಟರ್ ಇಳಿಸುವ ಇಳಿಜಾರಿನ ಕಡೆಗೆ ಬೇರೆ ಬಾಗಿಲು. ಬಚ್ಚಲ ಮೂಲೆಯೊಂದಿತ್ತು, ಪಾತ್ರೆ ತೊಳೆಯಲು, ಸ್ನಾನಕ್ಕೆ ಸಾಕು. ಆ ನೀರು ತೋಟದ ಗುಂಡಿಗೆ ಹೋಗುತ್ತಿತ್ತು. ಟಾಯ್ಲೆಟ್ ಮಾತ್ರ ಇರಲಿಲ್ಲ. ಸರಕಿಗೆ ಟಾಯ್ಲೆಟ್ ಯಾಕೆ ಬೇಕು?

ಹಾಗಾಗಿ ಹನ್ನೊಂದು ವರ್ಷ ಅವಳು ಒಳಗಿನ ಹದಿಮೂರು ಮೆಟ್ಟಿಲು ಹತ್ತಿ, ಅಡುಗೆಮನೆಯ ಪಕ್ಕದ ಬಾಗಿಲು ತಳ್ಳಿ, ತಮ್ಮನ ಮನೆಯ ಟಾಯ್ಲೆಟ್ಟಿಗೆ ಹೋದಳು. ಬೆಳಗ್ಗೆ ಐದೂವರೆಗೆ ಒಮ್ಮೆ, ಕ್ಲಿನಿಕ್ಕಿಗೆ ಹೊರಡುವ ಮುನ್ನ ಒಮ್ಮೆ, ಬಂದ ಮೇಲೆ, ಮಲಗುವ ಮುನ್ನ. ಆ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಬಡಿದುಕೊಳ್ಳದಿರಲೆಂದು ಸಂದಿಗೆ ಹಳೆಯ ಪಂಚೆಯ ಚೂರೊಂದನ್ನು ಸಿಕ್ಕಿಸಿರುತ್ತಿದ್ದರು.

ಕಾರಣವಿಲ್ಲದೆ ಅವಳು ಯಾವತ್ತೂ ಮೇಲೆ ಹೋದವಳಲ್ಲ. ಗಂಡ ಹೆಂಡತಿ ಮಗಳು ಇರುವ ಮನೆ, ಅವರ ಮಾತಿನ ನಡುವೆ ಹೋಗಿ ನಿಲ್ಲಬಾರದು ಎಂಬುದು ಅವಳೇ ಮಾಡಿಕೊಂಡ ನಿಯಮ. ಆದರೆ ಹೋಗಿ ಬರುವ ದಾರಿಯಲ್ಲಿ ಸಿಕ್ಕಿದ್ದನ್ನು ಬೇಡ ಎನ್ನಬೇಕೆಂದು ಆ ನಿಯಮದಲ್ಲಿ ಇರಲಿಲ್ಲ. ಬೆಳಗ್ಗೆ ಟಾಯ್ಲೆಟ್ಟಿನಿಂದ ಹೊರಗೆ ಬರುವಷ್ಟರಲ್ಲಿ ತಮ್ಮನ ಹೆಂಡತಿ ರಮ್ಯ ಡಿಕಾಕ್ಷನ್ನಿಗೆ ಹಾಲು ಬೆರೆಸಿ ಮೂರು ಲೋಟ ಕಟ್ಟೆಯ ಮೇಲೆ ಇಟ್ಟಿರುತ್ತಿದ್ದಳು. ನಿಂತೇ ಕುಡಿಯುವುದು. "ಇವತ್ತು ಗೋಬಿ ಮಾಡ್ಲಾ ಹುರುಳೀಕಾಯಿ ಮಾಡ್ಲಾ ಅಕ್ಕ?" ಎಂಬಷ್ಟೇ ಮಾತು. ಅವರ ಮಗಳು ಇಂಚರ ಐದನೇ ಕ್ಲಾಸಿನಲ್ಲಿದ್ದಾಗಿನಿಂದ ಅವಳ ಎರಡು ಜಡೆ ಹೆಣೆದದ್ದು ಆ ಬಾಗಿಲ ಬಳಿಯ ಸ್ಟೂಲಿನ ಮೇಲೆ. ಈಗ ಹುಡುಗಿ ಪಿಯುಸಿ, ಜಡೆ ಒಂದೇ ಆಗಿತ್ತು, ಆದರೂ ಬಾಚಣಿಗೆ ಹಿಡಿದು ಅದೇ ಸ್ಟೂಲಿನ ಮೇಲೆ ಕೂರುತ್ತಿದ್ದಳು.

ಕಳೆದ ಚಳಿಗಾಲದಿಂದ ಕಾತ್ಯಾಯಿನಿಯ ಎಡಮಂಡಿ ಹಿಡಿದುಕೊಳ್ಳತೊಡಗಿತು. ಹದಿಮೂರು ಮೆಟ್ಟಿಲನ್ನು ಅವಳು ಗೋಡೆ ಹಿಡಿದು ಹತ್ತುವುದನ್ನು ಶ್ರೀಕರ್ ಒಂದು ದಿನ ನೋಡಿದ.

"ಕೆಳಗೇ ಒಂದು ಟಾಯ್ಲೆಟ್ ಹಾಕಿಸಿಬಿಡೋಣ ಅಕ್ಕ. ಮುಂಚೇನೇ ಮಾಡಿಸ್ಬೇಕಿತ್ತು. ನಂಗೇ ನಾಚಿಕೆ ಆಗತ್ತೆ."

ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. 

*

ನೀಲಕಂಠಪ್ಪ ಒಳಗೆ ಬಂದು ಪೆನ್ಸಿಲಿನ ಗೆರೆ ನೋಡಿದ. ಬಾಗಲಕೋಟೆಯ ಕಡೆಯವನು, ಐವತ್ತರ ಆಸುಪಾಸು, ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದಾನೆ. ಮಾತಾಡುವಾಗ ಎದುರಿನವರ ಮುಖ ನೋಡದೆ ಗೋಡೆ ನೋಡುತ್ತಾನೆ.

"ಈ ಗೆರಿ ಐತಲ್ರಿ ಸರ, ಇದು ಹೊರಗಿನ ಪಿಟ್ಟಿನ ಬಾಯಿ ಇರೂ ಎತ್ತರ. ಇದಕ್ಕಿಂತ ಕೆಳಗ ಕಮೋಡ್ ಇಟ್ರ ಹೊಲಸು ತಾನಾಗೇ ಹೊರಗ ಹೋಗಂಗಿಲ್ಲ. ಮ್ಯಾಲಿಂದು ಕೆಳಗ ಬರತೈತಿ."

"ಮೋಟರ್ ಹಾಕಿದ್ರೆ?" ಶ್ರೀಕರ್ ಕೇಳಿದ. ಹಿಂದಿನ ದಿನವೆಲ್ಲ ಫೋನಿನಲ್ಲಿ ವಿಡಿಯೋ ನೋಡಿದ್ದ. ಒಳಚರಂಡಿ ಪೈಪು ಮುಖ್ಯರಸ್ತೆಯವರೆಗೆ ಬಂದು ನಿಂತಿತ್ತು, ಅವರ ಬೀದಿಗೆ ಇನ್ನೂ ಬಂದಿರಲಿಲ್ಲ. ಪಿಟ್ಟೇ ಗತಿ.

"ಹಾಕಬೌದ್ರಿ. ನೆಲದಾಗ ಗುಂಡಿ ತೆಗೀಬೇಕು. ಅದರಾಗ ಬಿದ್ದದ್ದನ್ನ ಮೋಟರ್ ಅರದು ಮ್ಯಾಲ ಎತ್ತಿ ಒಗಿತೈತಿ. ಎಲ್ಲಿ ತೆಗೀಲಿ ಹೇಳ್ರಿ."

ಶ್ರೀಕರ್ ಪೂರ್ವದ ಮೂಲೆ ತೋರಿಸಿದ. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ರಮ್ಯ, "ಅಯ್ಯೋ, ಸರಿಯಾಗಿ ಅದರ ಮೇಲೇ ದೇವರ ಮನೆ ಇದೆಯಲ್ರೀ," ಎಂದಳು. ಪಶ್ಚಿಮದ ಗೋಡೆಯ ಆಚೆಗೆ ಕುಡಿಯುವ ನೀರಿನ ಸಂಪು. ಅಲ್ಲಿ ಗುಂಡಿ ತೆಗೆಯುವುದಿಲ್ಲ ಎಂದು ನೀಲಕಂಠಪ್ಪನೇ ತಲೆ ಅಲ್ಲಾಡಿಸಿದ. ಉಳಿದದ್ದು ಮಂಚ, ಒಲೆ ಇದ್ದ ಜಾಗ. ಕರೆಂಟು ಹೋದಾಗ ಮೋಟರ್ ನಿಂತರೆ ಅಕ್ಕನ ಮಂಚದ ಪಕ್ಕದಲ್ಲೇ ಗುಂಡಿ ತುಂಬಿ ಬಂದರೆ ಎಂದು ಶ್ರೀಕರನಿಗೂ ಹೆದರಿಕೆಯಾಯಿತು.

ನೀಲಕಂಠಪ್ಪ ಸ್ವಲ್ಪ ಹೊತ್ತು ಮೆಟ್ಟಿಲುಗಳನ್ನೇ ನೋಡಿದ. ಏಳು ಮೆಟ್ಟಿಲು ಏರಿ, ಒಂದು ಚೌಕದ ಹಾಸು, ಅಲ್ಲಿಂದ ತಿರುಗಿ ಆರು ಮೆಟ್ಟಿಲು. ಅವನು ಟೇಪ್ ಬಿಚ್ಚಿ ಅಳೆದ. ಹಾಸು ನೆಲದಿಂದ ನಾಲ್ಕು ಅಡಿ ಮೇಲಿತ್ತು, ಗೆರೆಗಿಂತ ಎತ್ತರ. ಹೊರಗೋಡೆಗೆ ಅಂಟಿಕೊಂಡಿತ್ತು, ಗಾಳಿಗೆ ಸಣ್ಣ ಕಿಟಕಿಯೂ ಇತ್ತು.

"ಹೇಳಿ ಮಾಡಿಸಿದಂಗೈತಿ ನೋಡ್ರಿ ಸರ. ಕಮೋಡ್ ಇಲ್ಲಿ ಕೂಡತೈತಿ. ಮೋಟರ್ ಬ್ಯಾಡ, ಕರೆಂಟ್ ಬ್ಯಾಡ. ಇಳಿಜಾರಿನಾಗ ತಾನಾಗೇ ಹೋಗತೈತಿ. ಅಕ್ಕಾರಿಗೂ ಹದಿಮೂರು ಹೋಗಿ ಏಳಾತು. ಆದ್ರ..." ಅವನು ಮೇಲಿನ ಆರು ಮೆಟ್ಟಿಲ ಕಡೆ ಕೈ ತೋರಿಸಿದ. "ಇಲ್ಲಿ ಗ್ವಾಡಿ ಎಬ್ಬಸಬೇಕಾಗತೈತಿ. ದಾರಿ ಬಂದ್."

 ಶ್ರೀಕರ್ ಅಕ್ಕನ ಕಡೆ ತಿರುಗಿದ. "ಅಕ್ಕ, ನಿಂಗೆ ಓಕೆನಾ?"

"ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ," ಎಂದಳು ಕಾತ್ಯಾಯಿನಿ.

ಅವರು ಬೆಳೆದ ಮನೆಯಲ್ಲಿ ಇದು ಉತ್ತರವಾಗಿರಲಿಲ್ಲ. ಊಟಕ್ಕೆ ಕೂತವರು ಎಲೆಯ ಮೇಲೆ ಕೈ ಅಡ್ಡ ಹಿಡಿದು "ಬೇಡ, ಬೇಡ" ಎಂದರೆ ಬಡಿಸುವವರು ಹಿಂದೆ ಸರಿಯುತ್ತಾರೆಯೇ? ಇನ್ನೊಮ್ಮೆ ಕೇಳಬೇಕು, ಮತ್ತೊಮ್ಮೆ ಕೇಳಬೇಕು. ಮೂರನೇ ಸಲಕ್ಕೆ ಬಂದದ್ದು ನಿಜವಾದ ಮಾತು. ಅವರ ಅಮ್ಮ ರೇಷ್ಮೆ ಸೀರೆಯನ್ನೂ, ಆಸ್ಪತ್ರೆಯನ್ನೂ, ಕೊನೆಗೆ ಒಂದು ಲೋಟ ನೀರನ್ನೂ ಮೂರನೇ ಸಲಕ್ಕೇ ಒಪ್ಪಿಕೊಂಡವಳು. ಕಾತ್ಯಾಯಿನಿ ಎರಡನೆಯ ಪ್ರಶ್ನೆಗಾಗಿ ತಮ್ಮನ ಮುಖ ನೋಡಿದಳು. ಆದರೆ ಶ್ರೀಕರ್ ಇಪ್ಪತ್ತು ವರ್ಷದಿಂದ ಮೀಟಿಂಗುಗಳಲ್ಲಿ ಕೂತವನು. ಓಕೆ ಎಂದರೆ ಓಕೆ.

"ಹಾಗಾದ್ರೆ ಅದೇ ಮಾಡಿಬಿಡಿ ನೀಲಕಂಠಪ್ಪೋರೆ," ಎಂದ. ಅಕ್ಕನಿಗೂ ಒಂದು ಪೂರ್ತಿ ಮನೆ ಆಗುತ್ತದೆ ಎಂದು ಅವನ ದನಿಯಲ್ಲಿ ನೆಮ್ಮದಿ ಇತ್ತು.

*

ಕೆಲಸ ಆರು ದಿನ ಹಿಡಿಯಿತು. ಕಾತ್ಯಾಯಿನಿ ಕ್ಲಿನಿಕ್ಕಿಗೆ ರಜೆ ಹಾಕಿ ಮಂಚದ ಮೇಲೆ ಪ್ಲಾಸ್ಟಿಕ್ ಹೊದಿಸಿ ಕೂತಳು. ನೀಲಕಂಠಪ್ಪನಿಗೆ ಹನ್ನೊಂದು ಗಂಟೆಗೆ ಟೀ ಮಾಡಿಕೊಡುತ್ತಿದ್ದಳು. ಅವನು ಲೋಟ ಹಿಡಿದು ಗೋಡೆಯ ಜೊತೆ ಮಾತಾಡುತ್ತಿದ್ದ.

"ನಮ್ಮ ವಠಾರದಾಗ ಆರು ರೂಮಿಗೆ ಒಂದ ಸಂಡಾಸ್ರಿ. ಮುಂಜಾನೆ ಬಕೀಟ್ ಹಿಡ್ಕೊಂಡು ಪಾಳಿ. ಒಳಗಿದ್ದಾಂವಗ ಹೊರಗಿನಾವ್ರು ಬೈಯೂದು, ಹೊರಗಿನಾವ್ರಿಗೆ ಒಳಗಿನಾಂವ ಬೈಯೂದು. ಊರಾಗ ನನ್ನ ಹೆಂಡತಿ ಮುರಿಗೆವ್ವಗ ಫೋನಿನಾಗ ಹೇಳಿದ್ರ, ಛೀ ಅಂತಾಳ. ಖರೇ ಹೇಳ್ಬೇಕಂದ್ರ ದಿನದಾಗ ನಾ ನಾಕ ಮಂದಿ ಕೂಡ ಮಾತಾಡೂದು ಅಲ್ಲೇ."

"ಮತ್ತೆ ಉಳಿದ ಹೊತ್ತು?"

"ಪೈಪಿನ ಕೂಡ ಏನ್ ಮಾತಾಡೂದ್ರಿ?"

ಅವಳು ಲೋಟ ತೆಗೆದುಕೊಂಡಳು. ದಿನವಿಡೀ ಕ್ಲಿನಿಕ್ಕಿನಲ್ಲಿ ಜನರ ಹೆಸರು ಕೂಗುವುದೇ ತನ್ನ ಕೆಲಸ, ಹೆಸರು ಕೂಗಿದ ಕೂಡಲೇ ಅವರು ಎದ್ದು ಒಳಗೆ ಹೋಗಿಬಿಡುತ್ತಾರೆ ಎಂದು ಹೇಳಬೇಕೆನಿಸಿತು. ಲೋಟ ತೊಳೆಯಹೋದಳು.

ನಾಲ್ಕನೆಯ ದಿನ ಕಮೋಡ್ ಕೂತಿತು. ಐದನೆಯ ದಿನ ಗೋಡೆ ಏಳಬೇಕು. ನೀಲಕಂಠಪ್ಪ ಇಟ್ಟಿಗೆಗೆ ನೀರು ಚಿಮುಕಿಸುತ್ತ, ಕೆಳಗಿಳಿದು ಬಂದ ಶ್ರೀಕರನಿಗೆ ಹೇಳಿದ.

"ಸರ, ಗ್ವಾಡಿ ಬದಲಿ ಒಂದು ಬಾಗಲಾ ಇಡ್ಲೇನ್ರಿ? ಸಂಡಾಸಕ್ಕ ಎರಡು ಬಾಗಲಾ. ಅಕ್ಕಾರು ಈ ಕಡಿಂದ ಬಂದು, ಬೇಕಾದ್ರ ಆ ಕಡೆ ಮ್ಯಾಲ ಹೋಗಬೌದು."

ಶ್ರೀಕರ್ ಜೋರಾಗಿ ನಕ್ಕ. "ಒಳ್ಳೆ ಐಡಿಯಾ ಗುರು! ಟಾಯ್ಲೆಟ್ ಒಳಗಿಂದ ಅಡುಗೆಮನೆಗೆ ದಾರಿ! ರಮ್ಯ ನನ್ನನ್ನೂ ಆ ದಾರೀಲೇ ಆಚೆ ಹಾಕ್ತಾಳೆ ಅಷ್ಟೆ."

"ಹಂಗಲ್ರಿ ಸರ, ಅಕ್ಕಾರಿಗೆ..."

"ಅಕ್ಕನೇ ಒಪ್ಪಲ್ಲ. ಏನಕ್ಕ?"

ಒಪ್ಪುತ್ತಿರಲಿಲ್ಲ, ನಿಜ. ಟಾಯ್ಲೆಟ್ ದಾಟಿ ಬಂದ ಕಾಲಿನಲ್ಲಿ ಒಲೆಯ ಮುಂದೆ ನಿಲ್ಲಲು ಅವಳಿಗೇ ಆಗುತ್ತಿರಲಿಲ್ಲ. ಕಾತ್ಯಾಯಿನಿ ನಕ್ಕು ತಲೆಯಾಡಿಸಿದಳು. ನೀಲಕಂಠಪ್ಪ ಮೊದಲ ಬಾರಿಗೆ ಗೋಡೆ ಬಿಟ್ಟು ಅವಳ ಮುಖ ನೋಡಿದ. ಆಮೇಲೆ ಕರಣೆ ಎತ್ತಿಕೊಂಡ.

ಅವತ್ತು ಸಂಜೆ ಎದೆಯೆತ್ತರಕ್ಕೆ ಗೋಡೆ ಏರಿಸಿ, "ಗಾರೆ ಹಸಿ ಐತಿ, ಉಳಿದದ್ದು ನಾಳೆ," ಎಂದು ಹೋದ. ಅಷ್ಟು ನಿಧಾನ ಬೇಕಿರಲಿಲ್ಲ. ಕತ್ತಲಾಗುವಷ್ಟರಲ್ಲಿ ಇನ್ನೂ ಕೆಲವು ಸಾಲು ಏರಿಸಬಹುದಿತ್ತು ಎಂದು ಅವಳಿಗೂ ಕಾಣುತ್ತಿತ್ತು.

ಕಾಲೇಜಿನಿಂದ ಬಂದ ಇಂಚರ ಆ ಕಡೆಯ ಮೆಟ್ಟಿಲಿಳಿದು ಗೋಡೆಯ ಮೇಲೆ ಕೈಯಿಟ್ಟು ಗದ್ದ ಊರಿದಳು.

"ಅತ್ತೆ! ಬ್ಯಾಂಕ್ ಕೌಂಟರ್ ಥರಾ ಇದೆ. ಟೋಕನ್ ನಂಬರ್ ಎಷ್ಟು?"

"ಕೈ ಇಡಬೇಡ್ವೇ, ಸಿಮೆಂಟ್ ಹಸಿ ಇದೆ."

"ಒಂದು ರಬ್ಬರ್ ಬ್ಯಾಂಡ್ ಕೊಡಿ. ನಂದು ಕಿತ್ತೋಯ್ತು." ಕಾತ್ಯಾಯಿನಿ ತನ್ನ ಜಡೆಯದನ್ನೇ ಬಿಚ್ಚಿ ಕೊಟ್ಟಳು. ಹುಡುಗಿ ಕೂದಲು ಕಟ್ಟಿಕೊಳ್ಳುತ್ತ ಕೇಳಿದಳು, "ನೀವೇ ಹೇಳಿದ್ರಂತೆ ಹೌದಾ? ಪ್ರೈವಸಿ ಬೇಕು, ಇದನ್ನ ಮುಚ್ಚಿಸಿ ಅಂತ? ಅಪ್ಪ ಹೇಳ್ತಿದ್ರು. ಸಖತ್ ಅತ್ತೆ, ನಂಗೂ ಒಂದು ಗೋಡೆ ಹಾಕಿಸ್ಬೇಕು, ಅಮ್ಮನ ರೂಮಿಗೂ ನನ್ನ ರೂಮಿಗೂ."

ತಾನು ಹಾಗೆ ಹೇಳಿದೆನೇ? ಹೇಳಿರಲಿಲ್ಲ. ಬೇಡವೆಂದೂ ಹೇಳಿರಲಿಲ್ಲ. ಗೋಡೆ ಇನ್ನೂ ಎದೆಯವರೆಗೆ ಮಾತ್ರ ಇತ್ತು, ಗಾರೆ ಹಸಿಯಿತ್ತು, ಈಗಲೂ ನಾಲ್ಕು ಮಾತು ಆಡಿದರೆ ಒಂದು ಬಕೆಟ್ ನೀರಿನಲ್ಲಿ ಕರಗುವಂತಿತ್ತು. "ಇಲ್ಲ ಕಣೇ ಇಂಚು, ನಾನು..." ಎಂದಳು.

ಇಂಚರಳ ಫೋನ್ ಹಾಡಿತು. "ಒಂದ್ ನಿಮ್ಷ ಅತ್ತೆ. ಹೇಳೇ ಸಂಹಿತಾ..." ಎನ್ನುತ್ತ ಆರು ಮೆಟ್ಟಿಲು ಹತ್ತಿ ಹೋದಳು. ಕಾತ್ಯಾಯಿನಿ ಕಾದಳು. ಮೇಲಿನ ಬಾಗಿಲ ಸಂದಿಯಿಂದ ಬೀಳುತ್ತಿದ್ದ ಬೆಳಕು ಇಟ್ಟಿಗೆಯ ಅಂಚಿನ ಮೇಲೆ ನಿಂತಿತ್ತು. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲನ್ನು ಎಳೆದುಕೊಂಡರು, ಧೂಳು ಬರದಿರಲೆಂದು.

ಮರುದಿನ ಮಧ್ಯಾಹ್ನದೊಳಗೆ ಗೋಡೆ ಮುಗಿಯಿತು.

ಹೊರಡುವಾಗ ನೀಲಕಂಠಪ್ಪ ಬಕೆಟ್ಟಿನಲ್ಲಿ ನೀರು ತುಂಬಿ ಮೂರು ಸಲ ಸುರಿದು, ಹೊರಗೆ ಓಡಿ ಪಿಟ್ಟಿನ ಬಾಯಲ್ಲಿ ಇಣುಕಿ, ಮತ್ತೆ ಒಳಗೆ ಬಂದ. "ಚಲೋ ಹರಿತೈತ್ರಿ. ಎಲ್ಲೂ ನಿಂದ್ರಂಗಿಲ್ಲ. ನಾಕು ವರ್ಷಕ್ಕೊಮ್ಮೆ ಟ್ಯಾಂಕರ್ ಕರಸಿ ಪಿಟ್ ಎಳಸ್ರಿ, ಸಾಕು." ಚೀಲ ಹೆಗಲಿಗೇರಿಸಿ ಒಂದು ಕ್ಷಣ ನಿಂತ. "ಏನಾರ ತೊಂದ್ರಿ ಆತಂದ್ರ ಫೋನ್ ಮಾಡ್ರಿ ಅಕ್ಕಾರ."

"ತೊಂದರೆ ಏನಾಗತ್ತೆ?"

"ಏನೂ ಆಗಂಗಿಲ್ರಿ," ಎಂದು ಗೋಡೆಗೆ ಹೇಳಿ ಹೋದ.

*

ಬಿಳಿ ಟೈಲ್ಸು, ಬಿಳಿ ಕಮೋಡು, ಹಿಡಿದುಕೊಳ್ಳಲು ಉಕ್ಕಿನ ಒಂದು ಸರಳು. ಅದನ್ನು ಶ್ರೀಕರನೇ ಆಯ್ದು ತಂದಿದ್ದ. ಮಂಡಿಗೆ ಎಷ್ಟೋ ಹಿತವಾಯಿತು. ಅದನ್ನು ಅವಳು ತನಗೆ ತಾನೇ ದಿನವೂ ಹೇಳಿಕೊಂಡಳು.

ಒಂಬತ್ತು ದಿನ ಅವಳು ಮೇಲೆ ಹೋಗಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಇಳಿಜಾರು ಹತ್ತಿ, ಮನೆಯ ಮುಂದೆ ಸುತ್ತಿ ಬಂದು, ನಾಲ್ಕು ಮೆಟ್ಟಿಲೇರಿ ಬೆಲ್ ಒತ್ತಬೇಕಿತ್ತು ಅಷ್ಟೆ. ಬೆಲ್ ಒತ್ತಿದರೆ ಬಾಗಿಲು ತೆರೆದವರು "ಏನು?" ಎನ್ನುತ್ತಾರೆ. ಅದಕ್ಕೊಂದು ಉತ್ತರ ಬೇಕು. ಹನ್ನೊಂದು ವರ್ಷ ಅವಳ ಹತ್ತಿರ ದಿನಕ್ಕೆ ನಾಲ್ಕು ಉತ್ತರಗಳಿದ್ದವು, ಕೇಳುವವರೇ ಇರಲಿಲ್ಲ.

ಹತ್ತನೆಯ ದಿನ ಬೆಳಗ್ಗೆ ಅವಳು ಕಮೋಡಿನ ಮೇಲೆ ಕೂತಿದ್ದಾಗ ಗೋಡೆಯ ಆಚೆಯಿಂದ ರಮ್ಯಳ ದನಿ ಕೇಳಿಸಿತು. ನಾಲ್ಕಿಂಚಿನ ಗೋಡೆ. ಮೇಲಿನ ಆರು ಮೆಟ್ಟಿಲು ಈಗ ಈರುಳ್ಳಿ ಬುಟ್ಟಿ, ಹಳೆ ಪೇಪರ್ ಇಡುವ ಜಾಗವಾಗಿತ್ತು. ಬಾಗಿಲು ತೆಗೆದಿದ್ದರೆ ಅಡುಗೆಮನೆಯ ಸದ್ದೆಲ್ಲ ಆ ಬಾವಿಯಂಥ ಜಾಗದೊಳಗೆ ಇಳಿದು ಬರುತ್ತಿತ್ತು.

"ಥೂ, ಇವತ್ತೂ ಮೂರು ಲೋಟಕ್ಕೆ ಬೆರೆಸಿಬಿಟ್ಟೆ ರೀ."

"ಇಡು, ನಾನೇ ಕುಡೀತೀನಿ."

"ನಿನ್ನೇನೂ ನೀವೇ ಕುಡಿದ್ರಿ. ಆಸಿಡಿಟಿ ಅಂತ ಆಮೇಲೆ ಒದ್ದಾಡೋರು ಯಾರು?"

ಲೋಟ ಕಟ್ಟೆಗೆ ತಾಕಿದ ಸದ್ದು. ಕಾತ್ಯಾಯಿನಿಯ ಕೈ ಫ್ಲಶ್ಶಿನ ಗುಂಡಿಯ ಹತ್ತಿರ ಹೋಗಿ ನಿಂತಿತು. ಒತ್ತಿದರೆ ತಾನು ಇಲ್ಲಿದ್ದೇನೆಂದು, ಕೇಳಿಸಿಕೊಂಡೆನೆಂದು ಅವರಿಗೆ ತಿಳಿಯುತ್ತದೆ. ಮೂರನೆಯ ಲೋಟ. ಹತ್ತು ದಿನವಾದರೂ ರಮ್ಯಳ ಕೈ ಮರೆತಿಲ್ಲ. ಅವಳು ಉಸಿರು ಹಿಡಿದು ಮಾತು ದೂರ ಹೋಗುವವರೆಗೆ ಕಾದು, ಒತ್ತಿ, ಕೈ ಕಾಲು ತೊಳೆದು, ಮುಖ ಒರೆಸಿಕೊಂಡು, ಮಂಡಿ ನೋಯುವುದನ್ನೂ ಲೆಕ್ಕಿಸದೆ ಇಳಿಜಾರು ಹತ್ತಿದಳು. ಬೆಲ್ ಒತ್ತಿದಳು.

ಬಾಗಿಲು ತೆರೆದ ರಮ್ಯಳ ಮುಖದಲ್ಲಿ ಗಾಬರಿ. "ಏನಾಯ್ತಕ್ಕ? ಪೈಪ್ ಕಟ್ಕೊಳ್ತಾ?"

"ಇಲ್ಲ."

"ಮಂಡಿ ನೋವಾ? ಇವ್ರನ್ನ ಕರೀಲಾ?"

"ಏನೂ ಇಲ್ಲ ರಮ್ಯ. ಕಾಫಿಗೆ ಬಂದೆ."

ಹೇಳಿಬಿಟ್ಟಳು. ಐವತ್ತು ವರ್ಷಕ್ಕೆ ಹತ್ತಿರವಾದ ಬದುಕಿನಲ್ಲಿ ಯಾರ ಬಾಗಿಲಲ್ಲೂ ಅವಳು ಹೀಗೆ, ಕೇಳುವ ಮೊದಲೇ, ಬೇಕಾದದ್ದನ್ನು ಬೇಕು ಎಂದದ್ದಿರಲಿಲ್ಲ. ಕಿವಿ ಬಿಸಿಯಾಯಿತು. ಒಳಗೆ ಶ್ರೀಕರ್ ಎರಡನೆಯ ಲೋಟವನ್ನು ಅರ್ಧ ಕುಡಿದು ನಿಂತಿದ್ದ. ಅವನು ಲೋಟವನ್ನು ಬೆನ್ನ ಹಿಂದೆ ಮಾಡಿಕೊಂಡ.

"ಅಯ್ಯೋ, ಇದಕ್ಕೆ ಸುತ್ಕೊಂಡು ಬಂದ್ರಾ ಈ ಮಂಡೀಲಿ!" ರಮ್ಯ ಮತ್ತೆ ಹಾಲಿಟ್ಟಳು. "ಹೇಳಿದ್ದಿದ್ರೆ ಕೆಳಗೇ ಕಳಿಸ್ತಿದ್ದೆ. ನಂಗೇ ಹೊಳೀಲಿಲ್ಲ ನೋಡಿ. ನಾಳೆಯಿಂದ ಇಂಚು ಕಾಲೇಜಿಗೆ ಹೋಗೋವಾಗ ಫ್ಲಾಸ್ಕಲ್ಲಿ ಕೊಟ್ಟು ಹೋಗ್ತಾಳೆ."

"ಬೇಡ ಬೇಡ, ನಿಮಗ್ಯಾಕೆ ತೊಂದರೆ."

"ತೊಂದರೆ ಏನಕ್ಕ ಇದ್ರಲ್ಲಿ? ಕಳಿಸ್ತೀನಿ."

"ನಿಜವಾಗ್ಲೂ ಬೇಡ ರಮ್ಯ. ನಾನೇ ಹೀಗೆ ಬಂದು..."

"ಈ ನೋವಲ್ಲಿ ನೀವು ಹತ್ತಿ ಇಳಿಯೋದು ಬೇಡವೇ ಬೇಡ. ಕಳಿಸೇ ಕಳಿಸ್ತೀನಿ, ನೀವು ಇನ್ನೊಂದು ಮಾತಾಡ್ಬಾರ್ದು."

ಮೂರು ಸಲವಾಯಿತು. ಮೂರನೆಯ ಸಲದ ಮೇಲೆ ಬೇಡ ಎನ್ನುವುದು ಅವರ ಮನೆಯಲ್ಲಿ ಮರ್ಯಾದೆಯಲ್ಲ. ಕಾತ್ಯಾಯಿನಿ "ಸರಿ" ಎಂದಳು. ಶ್ರೀಕರ್ ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಮೆಚ್ಚುಗೆಯಿತ್ತು. ಆ ದಿನದ ಕಾಫಿಯನ್ನು ಅವಳಿಗೆ ಸೋಫಾದ ಮೇಲೆ ಕೂರಿಸಿ, ಬಿಸ್ಕತ್ತಿನ ಜೊತೆ, ಟ್ರೇಯಲ್ಲಿ ಕೊಟ್ಟರು.

*

ಮರುದಿನ ಆರೂಮುಕ್ಕಾಲಿಗೆ ಕೆಳಗಿನ ಬಾಗಿಲು ತಟ್ಟಿದ ಸದ್ದಾಯಿತು. ತೆರೆಯುವಷ್ಟರಲ್ಲಿ ಇಂಚರ ಇಳಿಜಾರಿನ ತುದಿಯಲ್ಲಿದ್ದಳು. ಬಿಚ್ಚಿದ ಕೂದಲು ಬೆನ್ನ ತುಂಬ ಹರಡಿತ್ತು.

"ಬೈ ಅತ್ತೆ, ಬಸ್ ಬಂತು!"

ಹೊಸ್ತಿಲ ಮೇಲೆ ಹಸಿರು ಫ್ಲಾಸ್ಕು. ಆಮೇಲೆ ದಿನವೂ ಅದು ಬಂತು, ಒಂದು ದಿನವೂ ತಪ್ಪಲಿಲ್ಲ. ಸಕ್ಕರೆ ಅಳತೆಗೆ ಸರಿಯಾಗಿ, ಕುಡಿಯುವಷ್ಟು ಬಿಸಿಯಾಗಿ.

ಮೊದಮೊದಲು ಅವಳು ಅದನ್ನು ಮಂಚದ ಮೇಲೆ ಕೂತು ಕುಡಿದಳು. ಆಮೇಲೆ ಒಂದು ದಿನ ಲೋಟ ಹಿಡಿದು ಒಳಗಿನ ಮೆಟ್ಟಿಲು ಹತ್ತಿದಳು. ಟಾಯ್ಲೆಟ್ಟಿನ ಬಾಗಿಲ ತನಕ ಹೋಗಿ ಕುಡಿಯುವುದು ಹೇಸಿಗೆ. ನಾಲ್ಕನೆಯ ಮೆಟ್ಟಿಲಾದರೆ ಪರವಾಗಿಲ್ಲ, ಅಲ್ಲಿಂದಲೂ ಸ್ವಲ್ಪ ಕೇಳಿಸುತ್ತದೆ. ಮೇಲೆ ಟಾಯ್ಲೆಟ್ಟಿನ ಬಾಗಿಲನ್ನು ತುಸು ತೆರೆದಿಟ್ಟು, ಎಡಗಾಲು ಚಾಚಿ, ಗೋಡೆಗೊರಗಿ ಕೂತಳು. ಆಚೆ ಒಗ್ಗರಣೆ ಚಟಪಟ ಅಂದಿತು. ಶ್ರೀಕರ್ ಕನ್ನಡಕ ಎಲ್ಲಿ ಎಂದು ಕೇಳುತ್ತಿದ್ದ.

"ಗೋಬಿ ಮಾಡ್ಲಾ, ಹುರುಳೀಕಾಯಿ ಮಾಡ್ಲಾ?" ಎಂದಿತು ರಮ್ಯಳ ದನಿ.

"ಏನಾದ್ರೂ ಮಾಡು," ಎಂದ ಶ್ರೀಕರ್.

ಹುರುಳೀಕಾಯಿ, ಎಂದುಕೊಂಡಳು ಕಾತ್ಯಾಯಿನಿ. ಲೋಟ ಖಾಲಿಯಾಗುವವರೆಗೆ ಅಲ್ಲೇ ಕೂತಿದ್ದು, ಆಮೇಲೆ ಕ್ಲಿನಿಕ್ಕಿಗೆ ಹೋಗುವ ಬಸ್ಸಿಗೆ ಹೊತ್ತಾಯಿತೆಂದು ಸರಳು ಹಿಡಿಯಲು ಕೈ ಚಾಚಿ, ಅದು ಇಷ್ಟು ಕೆಳಗಿಲ್ಲ ಎಂದು ನೆನಪಾಗಿ, ಗೋಡೆ ಹಿಡಿದೇ ಎದ್ದಳು.